ಸಹಕಾರ ಸಂಘ, ದಾಲ್ ಮಿಲ್, ಆಸ್ಪತ್ರೆ, ಕಾಲೇಜುಗಳಿಗೆ ಹೊಸ ಸೈಬರ್ ಅಪಾಯಗಳು: ಕಲಬುರಗಿ, ಬೀದರ್, ಯಾದಗಿರಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಗಂಜ್‌ನ ಅಡತ್ ಅಂಗಡಿಗಳು, ತೊಗರಿ ಬೇಳೆಯ ಮಿಲ್‌ಗಳು, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳ ಪತ್ತಿನ ಸಹಕಾರ ಸಂಘಗಳು, ನರ್ಸಿಂಗ್ ಹೋಮ್‌ಗಳು, ಶಾಲೆ ಕಾಲೇಜುಗಳ ಕಚೇರಿಗಳಿಂದ ಬರುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಈ ಕಚೇರಿಗಳಲ್ಲಿ ಪ್ರತ್ಯೇಕ ಐಟಿ ವಿಭಾಗವಿರುವುದಿಲ್ಲ. ಲೆಕ್ಕ ಬರೆಯುವವರೇ ಕಂಪ್ಯೂಟರನ್ನೂ ನೋಡಿಕೊಳ್ಳುತ್ತಾರೆ. ಉತ್ತರಗಳನ್ನು ಬರೆದಿರುವುದು ಅವರಿಗಾಗಿ.

ನಮ್ಮದು ಸಣ್ಣ ಸಂಸ್ಥೆ. ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ?

ನಿಮ್ಮ ಹೆಸರು ಹಿಡಿದು ಯಾರೂ ಹುಡುಕಬೇಕಾಗಿಲ್ಲ. ಅಂತರ್ಜಾಲಕ್ಕೆ ತೆರೆದುಕೊಂಡಿರುವ ಕಂಪ್ಯೂಟರುಗಳನ್ನು ಪತ್ತೆ ಹಚ್ಚುವ ಪ್ರೋಗ್ರಾಂಗಳು ಹಗಲು ರಾತ್ರಿ ಓಡುತ್ತಿರುತ್ತವೆ. ಹಳೆಯ ತಂತ್ರಾಂಶವೋ ಸುಲಭದ ಪಾಸ್‌ವರ್ಡೋ ಸಿಕ್ಕಲ್ಲಿ ನುಗ್ಗುತ್ತವೆ. ಅದು ಮುಂಬೈನ ಕಾರ್ಖಾನೆಯೋ ಶಹಾಪುರದ ಜಿನ್ನಿಂಗ್ ಮಿಲ್ಲೋ ಎಂಬುದು ಕಳ್ಳನಿಗೆ ತಿಳಿಯುವುದು ಒಳಗೆ ಬಂದ ಮೇಲೆಯೇ.

ಸಹಕಾರ ಕ್ಷೇತ್ರದವರು ಎರಡು ಘಟನೆಗಳನ್ನು ತಪ್ಪದೆ ತಿಳಿದಿರಬೇಕು. 2018ರ ಆಗಸ್ಟ್‌ನಲ್ಲಿ ಪುಣೆಯ ಕಾಸ್ಮೋಸ್ ಸಹಕಾರ ಬ್ಯಾಂಕಿನ ಎಟಿಎಂ ವ್ಯವಸ್ಥೆಯೊಳಗೆ ಹೊಕ್ಕ ಕಳ್ಳರು ನಕಲಿ ಕಾರ್ಡುಗಳಿಂದ 28 ದೇಶಗಳಲ್ಲಿ ಹಣ ತೆಗೆದರು. ಒಟ್ಟು ನಷ್ಟ ಸುಮಾರು 94 ಕೋಟಿ ರೂಪಾಯಿ. ಎರಡನೆಯದು 2024ರ ಜುಲೈ ಕೊನೆಯದು. ಸಹಕಾರ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಾಂಶ ಒದಗಿಸುವ ಸಿ-ಎಡ್ಜ್ ಎಂಬ ಕಂಪನಿ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಗೆ ಸಿಲುಕಿತು. ಸೋಂಕು ಹರಡದಂತೆ ರಾಷ್ಟ್ರೀಯ ಪಾವತಿ ನಿಗಮವು ಆ ಕಂಪನಿಯನ್ನು ತನ್ನ ಜಾಲದಿಂದ ಬೇರ್ಪಡಿಸಿತು. ದೇಶದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಯುಪಿಐ, ಎಟಿಎಂ ಸೇವೆಗಳು ಅಷ್ಟು ಹೊತ್ತು ನಿಂತುಹೋದವು. ಆ ಬ್ಯಾಂಕುಗಳು ಸಣ್ಣವು ಎಂಬುದು ಅವುಗಳನ್ನು ಕಾಪಾಡಲಿಲ್ಲ. ಅವು ನಂಬಿದ್ದ ಕಂಪನಿಯ ಕಡೆಯಿಂದ ತೊಂದರೆ ಬಂದಿತ್ತು.

ಮೊದಲಿಗೂ ಈಗಿಗೂ ಏನು ವ್ಯತ್ಯಾಸ?

ಮೋಸದ ಸಂದೇಶವನ್ನು ಅದರ ಹರಕು ಭಾಷೆಯಿಂದಲೇ ಗುರುತಿಸಬಹುದಾಗಿದ್ದ ಕಾಲ ಮುಗಿದಿದೆ. ಕೃತಕ ಬುದ್ಧಿಮತ್ತೆಯ ನೆರವಿನಿಂದ ಈಗ ತಪ್ಪಿಲ್ಲದ ಕನ್ನಡದಲ್ಲಿ, ಸಹಕಾರ ಇಲಾಖೆಯ ಸುತ್ತೋಲೆಯ ಧಾಟಿಯಲ್ಲೇ ಪತ್ರ ಬರೆಯಿಸಬಹುದು. ಬೀದರಿನವರಿಗೆ ಉರ್ದು, ಮರಾಠಿಯಲ್ಲೂ ಅಷ್ಟೇ ಸಲೀಸಾಗಿ ಕಳಿಸಬಹುದು.

ರ‍್ಯಾನ್ಸಮ್‌ವೇರ್ ಕೂಡ ಬದಲಾಗಿದೆ. ಹಿಂದೆ ಕಡತಗಳಿಗೆ ಬೀಗ ಹಾಕಿ ಹಣ ಕೇಳುತ್ತಿದ್ದರು. ಈಗ ಬೀಗ ಹಾಕುವ ಮೊದಲೇ ಎಲ್ಲವನ್ನೂ ನಕಲು ಮಾಡಿಕೊಂಡು, ಕೊಡದಿದ್ದರೆ ಅಂತರ್ಜಾಲದಲ್ಲಿ ಹರಡುತ್ತೇವೆ ಎಂದು ಬೆದರಿಸುತ್ತಾರೆ. ಕಡತ ಮರಳಿ ಪಡೆಯಲು ಬ್ಯಾಕಪ್ ಸಾಕು, ಆದರೆ ಈ ಬೆದರಿಕೆಗೆ ಬ್ಯಾಕಪ್ ಉತ್ತರವಲ್ಲ.

ಇನ್ನೊಂದು ಹೊಸ ತಂತ್ರ ತುಂಬ ಜನರನ್ನು ಬಲಿ ತೆಗೆದುಕೊಳ್ಳುತ್ತಿದೆ. ಯಾವುದೋ ಜಾಲತಾಣ ತೆರೆದಾಗ "ನೀವು ರೋಬೋಟ್ ಅಲ್ಲವೆಂದು ದೃಢಪಡಿಸಿ" ಎಂಬ ಪರದೆ ಬರುತ್ತದೆ. ವಿಂಡೋಸ್ ಗುರುತಿನ ಕೀಲಿಯ ಜೊತೆ ಆರ್ ಒತ್ತಿ, ಆಮೇಲೆ ಕಂಟ್ರೋಲ್ ಮತ್ತು ವಿ ಒತ್ತಿ, ಕೊನೆಗೆ ಎಂಟರ್ ಒತ್ತಿ ಎಂದು ಹೇಳುತ್ತದೆ. ಹಾಗೆ ಮಾಡಿದರೆ ದುಷ್ಟ ತಂತ್ರಾಂಶವನ್ನು ನಿಮ್ಮ ಕೈಯಿಂದಲೇ ಓಡಿಸಿದಂತಾಗುತ್ತದೆ. ಆ್ಯಂಟಿವೈರಸ್ ಕೆಲವೊಮ್ಮೆ ತಡೆಯುವುದೂ ಇಲ್ಲ, ಏಕೆಂದರೆ ಆದೇಶ ಕೊಟ್ಟವರು ನೀವೇ. ನಿಜವಾದ ಯಾವ ಜಾಲತಾಣವೂ ಈ ಕೀಲಿಗಳನ್ನು ಒತ್ತಲು ಹೇಳುವುದಿಲ್ಲ. ಇಷ್ಟನ್ನು ಇಂದೇ ನಿಮ್ಮ ಸಿಬ್ಬಂದಿಗೆ ತಿಳಿಸಿ.

ನಮ್ಮ ತಂತ್ರಾಂಶ ಕೊಟ್ಟವರು ದೂರದಿಂದಲೇ ಕಂಪ್ಯೂಟರ್ ತೆರೆದು ರಿಪೇರಿ ಮಾಡುತ್ತಾರೆ. ಅದರಲ್ಲಿ ಅಪಾಯವಿದೆಯೇ?

ಇದೆ. ನಮ್ಮ ಮೂರು ಜಿಲ್ಲೆಗಳ ಸಂಸ್ಥೆಗಳು ಎಲ್ಲಕ್ಕಿಂತ ಮೊದಲು ನೋಡಿಕೊಳ್ಳಬೇಕಾದ ಬಾಗಿಲು ಇದೇ ಎಂದು ನಾನು ನಂಬಿದ್ದೇನೆ.

ಲೆಕ್ಕದ ತಂತ್ರಾಂಶ, ಲ್ಯಾಬಿನ ಬಿಲ್ಲಿಂಗ್, ಕಾಲೇಜಿನ ಶುಲ್ಕ ವಸೂಲಿ, ಯಾವುದೇ ಇರಲಿ, ತೊಂದರೆ ಬಂದಾಗ ಹೈದರಾಬಾದಿನಿಂದಲೋ ಸೊಲ್ಲಾಪುರದಿಂದಲೋ ಒಬ್ಬರು ಎನಿಡೆಸ್ಕ್‌ನಂಥ ತಂತ್ರಾಂಶದ ಮೂಲಕ ಒಳಬಂದು ಸರಿಪಡಿಸುತ್ತಾರೆ. ಆ ಅನುಕೂಲ ಬೇಕೇ ಬೇಕು, ಪ್ರತಿ ಸಲವೂ ಮನುಷ್ಯ ಬಸ್ ಹತ್ತಿ ಬರಲಾಗದು. ಆದರೆ ಪ್ರತಿ ಸಲ ಫೋನ್ ಮಾಡಿ ಕೇಳುವುದು ಬೇಸರವೆಂದು ಕಾಯಂ ಪಾಸ್‌ವರ್ಡ್ ಇಟ್ಟುಬಿಡುತ್ತಾರೆ. ಅದೇ ಪಾಸ್‌ವರ್ಡನ್ನು ಎಲ್ಲ ಗ್ರಾಹಕರಿಗೂ ಇಟ್ಟಿದ್ದರೆ, ಒಂದು ಕಚೇರಿಯಲ್ಲಿ ಕದ್ದದ್ದು ಎಲ್ಲ ಕಚೇರಿಗಳ ಬಾಗಿಲನ್ನೂ ತೆರೆಯುತ್ತದೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದಿಟ್ಟಿದ್ದರೆ ಸ್ಥಿತಿ ಇನ್ನೂ ಕೆಟ್ಟದು.

2021ರ ಮೇ ತಿಂಗಳಲ್ಲಿ ಅಮೆರಿಕದ ಕಲೋನಿಯಲ್ ಪೈಪ್‌ಲೈನ್ ಎಂಬ ಇಂಧನ ಕಂಪನಿಯೊಳಗೆ ಕಳ್ಳರು ಬಂದದ್ದು ಯಾರೂ ಬಳಸದೆ ಬಿಟ್ಟಿದ್ದ ದೂರದಿಂದ ಒಳಬರುವ ಒಂದು ಖಾತೆಯ ಪಾಸ್‌ವರ್ಡಿನಿಂದ. ಪಾಸ್‌ವರ್ಡಿನ ಮೇಲೆ ಒಟಿಪಿಯಂಥ ಎರಡನೇ ಹಂತದ ದೃಢೀಕರಣ ಅದಕ್ಕಿರಲಿಲ್ಲ. ಆ ದೇಶದ ಪೂರ್ವ ಕರಾವಳಿಗೆ ಇಂಧನ ಸಾಗಿಸುವ ಕೊಳವೆ ಮಾರ್ಗವೇ ಕೆಲವು ದಿನ ನಿಂತಿತು.

ನೀವು ಮಾಡಬೇಕಾದದ್ದು ಇದು. ಕಾಯಂ ಪಾಸ್‌ವರ್ಡ್ ತೆಗೆಸಿ. ಪ್ರತಿ ಸಲವೂ ನಿಮ್ಮ ಸಿಬ್ಬಂದಿ ಪರದೆಯ ಮೇಲೆ ಒಪ್ಪಿಗೆ ಕೊಟ್ಟರೆ ಮಾತ್ರ ಸಂಪರ್ಕ ಆಗುವಂತೆ ಮಾಡಿಸಿ. ಕೆಲಸ ಮುಗಿಯುವವರೆಗೂ ಒಬ್ಬರು ಎದುರಿಗೆ ಕುಳಿತಿರಲಿ. ಯಾರು, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ ಬಂದರು ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆಯಿರಿ. ಸೇವಾ ಒಪ್ಪಂದ ನವೀಕರಿಸುವಾಗ ಎರಡು ಪ್ರಶ್ನೆಗಳನ್ನು ಬರಹದಲ್ಲಿ ಕೇಳಿ: ನಿಮ್ಮ ನೌಕರರೊಬ್ಬರು ಕೆಲಸ ಬಿಟ್ಟರೆ ನಮ್ಮ ಕಂಪ್ಯೂಟರಿಗೆ ಅವರಿಗಿದ್ದ ಪ್ರವೇಶ ಎಷ್ಟು ದಿನದಲ್ಲಿ ರದ್ದಾಗುತ್ತದೆ? ನಿಮ್ಮ ಕಂಪನಿಯ ಮೇಲೆಯೇ ದಾಳಿಯಾದರೆ ನಮಗೆ ಯಾವಾಗ ತಿಳಿಸುತ್ತೀರಿ? ಉತ್ತರ ಕೊಡಲು ಹಿಂಜರಿಯುವವರ ಬಳಿ ನಿಮ್ಮ ಸದಸ್ಯರ ಲೆಕ್ಕ ಇಡಬೇಡಿ.

ಅಧ್ಯಕ್ಷರ ಧ್ವನಿಯಲ್ಲೇ ಕರೆ ಬಂದು ಹಣ ಕಳಿಸಿ ಎಂದರೆ ನಂಬದೆ ಇರುವುದು ಹೇಗೆ?

ಧ್ವನಿಯನ್ನು ಗುರುತಾಗಿ ಪರಿಗಣಿಸುವುದನ್ನೇ ಬಿಡಬೇಕು. ಕೆಲವು ಸೆಕೆಂಡುಗಳ ಧ್ವನಿಮುದ್ರಣ ಸಿಕ್ಕರೂ ಅದೇ ದನಿಯಲ್ಲಿ ಬೇಕಾದ ಮಾತು ಆಡಿಸುವ ತಂತ್ರಗಳಿವೆ. ಸಂಘದ ವಾರ್ಷಿಕ ಸಭೆಯಲ್ಲೋ ಜಾತ್ರೆಯ ವೇದಿಕೆಯಲ್ಲೋ ಅಧ್ಯಕ್ಷರು ಮಾಡಿದ ಭಾಷಣ ಫೇಸ್‌ಬುಕ್ಕಿನಲ್ಲಿದ್ದರೆ ಅಷ್ಟು ಸಾಮಗ್ರಿ ಸಾಕು. 2024ರ ಆರಂಭದಲ್ಲಿ ಅರಪ್ ಎಂಬ ಎಂಜಿನಿಯರಿಂಗ್ ಕಂಪನಿಯ ಹಾಂಗ್‌ಕಾಂಗ್ ಕಚೇರಿಯ ನೌಕರರೊಬ್ಬರು ವಿಡಿಯೊ ಸಭೆಯಲ್ಲಿ ತಮ್ಮ ಹಣಕಾಸು ಮುಖ್ಯಸ್ಥರನ್ನೂ ಸಹೋದ್ಯೋಗಿಗಳನ್ನೂ ಕಂಡರು, ಮಾತು ಕೇಳಿದರು, 20 ಕೋಟಿ ಹಾಂಗ್‌ಕಾಂಗ್ ಡಾಲರ್ ವರ್ಗಾಯಿಸಿದರು. ಪರದೆಯ ಮೇಲಿದ್ದ ಆ ಮುಖಗಳು ಕೃತಕವಾಗಿ ಸೃಷ್ಟಿಸಿದವು.

ನಮ್ಮ ಕಡೆಯ ವ್ಯಾಪಾರ ನಡೆಯುವುದೇ ಬಾಯಿಮಾತಿನ ಮೇಲೆ. ಸಾಹುಕಾರರು ಫೋನಿನಲ್ಲಿ ಹೇಳಿದರೆ ಮುನೀಮರು ಹಣ ಹಾಕುತ್ತಾರೆ. ಅದು ತಲೆಮಾರುಗಳ ವಿಶ್ವಾಸ, ಅದನ್ನು ಕೀಳಾಗಿ ಕಾಣುವ ಕಾರಣವೇ ಇಲ್ಲ. ಆದರೆ ತೊಗರಿ ಆವಕದ ಹಂಗಾಮಿನಲ್ಲಿ, ದಿನಕ್ಕೆ ಹತ್ತಾರು ದೊಡ್ಡ ಪಾವತಿಗಳು ಹೋಗುವಾಗ, ಆ ವಿಶ್ವಾಸವನ್ನೇ ಕಳ್ಳರು ಬಳಸಿಕೊಳ್ಳುತ್ತಾರೆ. ಇದಕ್ಕಿಂತ ಹೆಚ್ಚು ಕಾಣುವುದು ಇನ್ನೊಂದು ಬಗೆ: ಖರೀದಿದಾರರ ಇಮೇಲ್ ಖಾತೆಯೊಳಗೆ ಹೊಕ್ಕು, ವಾರಗಟ್ಟಲೆ ಪತ್ರಗಳನ್ನು ಓದಿ, ಸರಿಯಾದ ಬಿಲ್ ಸಂಖ್ಯೆಯೊಂದಿಗೆ "ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸದಕ್ಕೆ ಹಾಕಿ" ಎಂದು ಬರೆಯುವುದು. ಮೊತ್ತ ಸರಿ, ಬಿಲ್ ಸರಿ, ಖಾತೆ ಮಾತ್ರ ಕಳ್ಳನದು.

ನಿಯಮ ಸರಳ. ಖಾತೆ ಬದಲಾವಣೆ ಅಥವಾ ಹೊಸ ಖಾತೆಗೆ ಪಾವತಿ ಎಂದಾಗ, ಬಂದ ಕರೆಯನ್ನು ಮುಗಿಸಿ, ನಿಮ್ಮ ಹಳೆಯ ಪುಸ್ತಕದಲ್ಲಿರುವ ಸಂಖ್ಯೆಗೆ ನೀವೇ ಕರೆ ಮಾಡಬೇಕು. ಸಂದೇಶದಲ್ಲಿ ಕೊಟ್ಟ ಸಂಖ್ಯೆಗೆ ಅಲ್ಲ. ಇಂತಿಷ್ಟು ಮೊತ್ತ ಮೀರಿದರೆ ಎರಡನೆಯವರ ಅನುಮೋದನೆ ಬೇಕು ಎಂದು ಬ್ಯಾಂಕಿನಲ್ಲೇ ಹೊಂದಿಸಿಡಿ. ಹಣ ಪಡೆಯುವವರ ಹೆಸರನ್ನು ಆರ್‌ಟಿಜಿಎಸ್, ನೆಫ್ಟ್ ಪಾವತಿಗೆ ಮುನ್ನ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಆ ಹೆಸರನ್ನು ಓದದೆ ಮುಂದುವರಿಯಬೇಡಿ. ಇದು ಗಟ್ಟಿಯಾಗಿ ನಿಲ್ಲಬೇಕಾದರೆ ಮಾಲೀಕರೇ ಒಂದು ಮಾತು ಹೇಳಬೇಕು: "ನಾನೇ ಹೇಳಿದರೂ ಮರುಕರೆ ಮಾಡಿ ಕೇಳಿ, ನನಗೆ ಬೇಸರವಿಲ್ಲ." ಆ ಮಾತು ಮೇಲಿನಿಂದ ಬರದಿದ್ದರೆ ಯಾವ ಗುಮಾಸ್ತನಿಗೂ ಕೇಳುವ ಧೈರ್ಯ ಬರುವುದಿಲ್ಲ.

ಸಿಬ್ಬಂದಿಯ ವಾಟ್ಸ್‌ಆ್ಯಪ್‌ಗೆ ಬರುವ ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಫೈಲ್‌ಗಳಿಂದ ಸಂಸ್ಥೆಗೇನು ತೊಂದರೆ?

ಆ ಫೈಲಿನ ಹೆಸರು ಎಪಿಕೆ ಎಂದು ಕೊನೆಯಾಗುತ್ತಿದ್ದರೆ ಅದು ಕರೆಯೋಲೆಯಲ್ಲ, ಆ್ಯಪ್. ಅನುಸ್ಥಾಪಿಸಿದರೆ ಮೊಬೈಲಿಗೆ ಬರುವ ಎಸ್‌ಎಂಎಸ್‌ಗಳನ್ನು ಓದಿ ಕಳ್ಳರಿಗೆ ರವಾನಿಸುತ್ತದೆ. ಸಂಸ್ಥೆಯ ಬ್ಯಾಂಕ್ ಖಾತೆಯ ಒಟಿಪಿ ಲೆಕ್ಕಿಗರ ಸ್ವಂತ ಮೊಬೈಲಿಗೆ ಬರುತ್ತಿದ್ದರೆ ಮುಂದಿನದನ್ನು ಊಹಿಸಬಹುದು. ಪಿಎಂ ಕಿಸಾನ್ ಹೆಸರಿನಲ್ಲೂ ಇಂಥ ಫೈಲುಗಳು ಓಡಾಡುತ್ತಿವೆ, ಪರಿಚಯದವರ ಸಂಖ್ಯೆಯಿಂದಲೇ ಬರುತ್ತವೆ, ಏಕೆಂದರೆ ಅವರ ಮೊಬೈಲ್ ಮೊದಲೇ ಸೋಂಕಿಗೆ ಸಿಕ್ಕಿರುತ್ತದೆ. ಬ್ಯಾಂಕಿನ ಒಟಿಪಿಗೆ ಪ್ರತ್ಯೇಕ ಸಿಮ್, ಪ್ರತ್ಯೇಕ ಮೊಬೈಲ್ ಇಡಿ. ಅದರಲ್ಲಿ ವಾಟ್ಸ್‌ಆ್ಯಪ್ ಬೇಡ.

ಬೆಳಿಗ್ಗೆ ಕಚೇರಿ ತೆರೆದಾಗ ಫೈಲುಗಳು ತೆರೆಯುತ್ತಿಲ್ಲ, ಹಣ ಕೇಳುವ ಪತ್ರ ಪರದೆಯ ಮೇಲಿದೆ. ಮೊದಲು ಏನು ಮಾಡಬೇಕು?

ನೆಟ್‌ವರ್ಕ್ ಕೇಬಲ್ ಕಿತ್ತುಹಾಕಿ, ವೈಫೈ ಆರಿಸಿ. ಉಳಿದ ಕಂಪ್ಯೂಟರುಗಳನ್ನೂ ಜಾಲದಿಂದ ಬೇರ್ಪಡಿಸಿ. ಕಂಪ್ಯೂಟರನ್ನು ಆಫ್ ಮಾಡಬೇಡಿ. ತನಿಖೆಗೆ ಬೇಕಾದ ಕುರುಹುಗಳು ಅದರ ಮೆಮೊರಿಯಲ್ಲಿರಬಹುದು. ಜಾಲದಿಂದ ಬೇರ್ಪಡಿಸಲು ದಾರಿಯೇ ಇಲ್ಲದಿದ್ದರೆ ಮಾತ್ರ ಆಫ್ ಮಾಡಿ. ಪರದೆಯ ಚಿತ್ರ ತೆಗೆದುಕೊಳ್ಳಿ.

ಗಾಬರಿಯಲ್ಲಿ ಬ್ಯಾಕಪ್ ಡಿಸ್ಕನ್ನು ಅದೇ ಕಂಪ್ಯೂಟರಿಗೆ ಸಿಕ್ಕಿಸಬಾರದು. ಸಿಕ್ಕಿಸಿದರೆ ಉಳಿದಿದ್ದ ಒಂದೇ ಪ್ರತಿಯೂ ಬೀಗದೊಳಗೆ ಹೋಗುತ್ತದೆ. ಅಷ್ಟೇ ಮುಖ್ಯ, ತಕ್ಷಣ ಫಾರ್ಮ್ಯಾಟ್ ಮಾಡಿಸಬೇಡಿ. ಕಳ್ಳರು ಹೇಗೆ ಬಂದರು ಎಂದು ತಿಳಿಯದೆ ಫಾರ್ಮ್ಯಾಟ್ ಮಾಡಿದರೆ ಅದೇ ದಾರಿಯಲ್ಲಿ ಮತ್ತೆ ಬರುತ್ತಾರೆ. ಬೇರೆ, ಸ್ವಚ್ಛವಾದ ಸಾಧನದಿಂದ ಇಮೇಲ್ ಮತ್ತು ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ತಿಳಿಸಿ.

ಕೇಳಿದಷ್ಟು ಹಣ ಕೊಟ್ಟು ಮುಗಿಸಿಬಿಡುವುದು ಒಳ್ಳೆಯದಲ್ಲವೇ?

ಅಲ್ಲ. 2024ರ ಫೆಬ್ರುವರಿಯಲ್ಲಿ ದಾಳಿಗೆ ಸಿಲುಕಿದ, ರೋಗಿಗಳ ಮಾಹಿತಿ ಇಟ್ಟುಕೊಂಡಿದ್ದ ಅಮೆರಿಕದ ಚೇಂಜ್ ಹೆಲ್ತ್‌ಕೇರ್ ಎಂಬ ಕಂಪನಿ 2.2 ಕೋಟಿ ಡಾಲರ್ ಕೊಟ್ಟಿತು. ಆಮೇಲೂ ಇನ್ನೊಂದು ಗುಂಪು ಅದೇ ರೋಗಿಗಳ ಮಾಹಿತಿ ತನ್ನ ಬಳಿ ಇದೆ ಎಂದು ಮತ್ತೆ ಬೆದರಿಸಿತು. ಕಲೋನಿಯಲ್ ಪೈಪ್‌ಲೈನ್ ಹಣ ಕೊಟ್ಟು ಪಡೆದ ಬೀಗ ತೆರೆಯುವ ತಂತ್ರಾಂಶ ಎಷ್ಟು ನಿಧಾನವಾಗಿತ್ತೆಂದರೆ ಕಂಪನಿ ತನ್ನ ಬ್ಯಾಕಪ್‌ಗಳನ್ನೇ ನೆಚ್ಚಬೇಕಾಯಿತು. ಹಣ ಕೊಡುವ ಮುನ್ನ "ನೋ ಮೋರ್ ರ‍್ಯಾನ್ಸಮ್" ತಾಣವನ್ನು ನೋಡಿ. 2016ರಲ್ಲಿ ಯುರೋಪೋಲ್ ಮತ್ತು ಡಚ್ ಪೊಲೀಸರು ಭದ್ರತಾ ಕಂಪನಿಗಳ ಜೊತೆ ಸೇರಿ ಆರಂಭಿಸಿದ ಆ ತಾಣದಲ್ಲಿ ಹಲವು ಬಗೆಯ ರ‍್ಯಾನ್ಸಮ್‌ವೇರ್‌ಗಳ ಬೀಗ ತೆರೆಯುವ ಸಾಧನಗಳು ಉಚಿತವಾಗಿ ಸಿಗುತ್ತವೆ.

ನಾವು ದಿನಾಲೂ ಪೆನ್ ಡ್ರೈವ್‌ನಲ್ಲಿ ಬ್ಯಾಕಪ್ ತೆಗೆಯುತ್ತೇವೆ. ಸಾಕಲ್ಲವೇ?

ಆ ಪೆನ್ ಡ್ರೈವ್ ಸದಾ ಕಂಪ್ಯೂಟರಿಗೇ ಸಿಕ್ಕಿಕೊಂಡಿದ್ದರೆ ಸಾಲದು. ಕಂಪ್ಯೂಟರಿಗೆ ಬಂದ ಪೆಟ್ಟು ಅದಕ್ಕೂ ಬೀಳುತ್ತದೆ. ಎರಡು ಹಾರ್ಡ್ ಡಿಸ್ಕ್ ಕೊಳ್ಳಿ, ದಿನ ಬಿಟ್ಟು ದಿನ ಬದಲಿಸಿ, ಒಂದು ಯಾವಾಗಲೂ ಕಚೇರಿಯ ಹೊರಗೆ, ತಿಜೋರಿಯಲ್ಲೋ ಲಾಕರಿನಲ್ಲೋ ಇರಲಿ. ಸಾಧ್ಯವಾದರೆ ಮೂರನೆಯ ಪ್ರತಿಯೊಂದು ಕ್ಲೌಡ್‌ನಲ್ಲಿರಲಿ. ಡಿಸ್ಕಿಗೆ ಪಾಸ್‌ವರ್ಡಿನ ಗೂಢಲಿಪಿ ರಕ್ಷಣೆ ಇರಲಿ, ಇಲ್ಲವಾದರೆ ಡಿಸ್ಕ್ ಕಳೆದರೆ ಸದಸ್ಯರ ಮಾಹಿತಿಯೇ ಕಳೆದಂತೆ.

ಹೆಚ್ಚಿನವರು ಬಿಟ್ಟುಬಿಡುವ ಹೆಜ್ಜೆ ಪರೀಕ್ಷೆ. ತಿಂಗಳಿಗೊಮ್ಮೆ ಬೇರೆ ಕಂಪ್ಯೂಟರಿನಲ್ಲಿ ಆ ಬ್ಯಾಕಪ್ ತೆರೆದು, ಹಿಂದಿನ ತಿಂಗಳ ಕೊನೆಯ ಶಿಲ್ಕು ಪುಸ್ತಕದೊಂದಿಗೆ ತಾಳೆಯಾಗುತ್ತದೆಯೇ ನೋಡಿ. ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಬ್ಯಾಕಪ್ ಹೊರಗಿನಿಂದ ಸರಿಯಾಗಿಯೇ ಕಾಣುತ್ತದೆ.

ಆಸ್ಪತ್ರೆ, ನರ್ಸಿಂಗ್ ಹೋಮ್‌ಗಳಿಗೆ ಬೇರೆ ಏನಾದರೂ ಎಚ್ಚರಿಕೆ ಬೇಕೇ?

ಬೇಕು, ಏಕೆಂದರೆ ಇಲ್ಲಿ ನಿಲ್ಲುವುದು ಚಿಕಿತ್ಸೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನ ಸರ್ವರುಗಳಿಗೆ ರ‍್ಯಾನ್ಸಮ್‌ವೇರ್ ತಗಲಿ, ನೋಂದಣಿ, ಲ್ಯಾಬ್ ವರದಿ, ಬಿಲ್ಲಿಂಗ್ ಎಲ್ಲವನ್ನೂ ಹಲವು ದಿನ ಕೈಬರಹದಲ್ಲಿ ನಡೆಸಬೇಕಾಯಿತು. ಅಷ್ಟು ಸಿಬ್ಬಂದಿ ಇರುವ ಸಂಸ್ಥೆಯೇ ಅಷ್ಟು ಕಷ್ಟಪಟ್ಟಿತು. ಕಾಗದದ ನಮೂನೆಗಳನ್ನು ಮೊದಲೇ ಮುದ್ರಿಸಿಡಿ. ಒಂದು ದಿನ ಕಂಪ್ಯೂಟರ್ ಇಲ್ಲದೆ ಹೊರರೋಗಿ ವಿಭಾಗ ನಡೆಸಿ ನೋಡಿ.

ಸ್ಕ್ಯಾನಿಂಗ್, ಲ್ಯಾಬ್ ಯಂತ್ರಗಳಿಗೆ ಜೋಡಿಸಿದ ಹಳೆಯ ಕಂಪ್ಯೂಟರುಗಳನ್ನು ನವೀಕರಿಸಲು ಯಂತ್ರದ ಕಂಪನಿಯವರು ಒಪ್ಪದಿರಬಹುದು. ಹಾಗಿದ್ದರೆ ಅವುಗಳಿಗೆ ಅಂತರ್ಜಾಲ ಕೊಡಬೇಡಿ, ಪ್ರತ್ಯೇಕ ಜಾಲದಲ್ಲಿಡಿ. ರೋಗಿಗಳ ಸಂಬಂಧಿಕರಿಗೆ ಕೊಡುವ ವೈಫೈ ಮತ್ತು ಬಿಲ್ಲಿಂಗ್ ಕಂಪ್ಯೂಟರ್ ಒಂದೇ ಜಾಲದಲ್ಲಿರಬಾರದು.

ಸಿಸಿಟಿವಿ ವಿಷಯದಲ್ಲಿ ನನ್ನದು ಕಠಿಣ ನಿಲುವು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರ ತಪಾಸಣೆಯ ದೃಶ್ಯಗಳು ಕ್ಯಾಮೆರಾ ವ್ಯವಸ್ಥೆಯಿಂದ ಕಳುವಾಗಿ ಅಂತರ್ಜಾಲದಲ್ಲಿ ಮಾರಾಟಕ್ಕೆ ಬಂದವು. ತಪಾಸಣೆ ನಡೆಯುವ ಕೋಣೆಯಲ್ಲಿ ಕ್ಯಾಮೆರಾ ಇರಲೇಬಾರದು. ಬೇರೆಡೆ ಇರುವ ಕ್ಯಾಮೆರಾಗಳಿಗೆ ತಯಾರಿಸಿದ ಕಂಪನಿಯೇ ಇಟ್ಟ ಪಾಸ್‌ವರ್ಡನ್ನು ಅಳವಡಿಸಿದ ದಿನವೇ ಬದಲಿಸಿ.

ವಿಂಡೋಸ್ 10 ಇನ್ನೂ ಚೆನ್ನಾಗಿ ನಡೆಯುತ್ತಿದೆ. ಬದಲಿಸಲೇಬೇಕೇ?

2025ರ ಅಕ್ಟೋಬರ್ 14ಕ್ಕೆ ಅದರ ಉಚಿತ ಭದ್ರತಾ ನವೀಕರಣಗಳು ನಿಂತಿವೆ. ಸಂಸ್ಥೆಗಳು ಹಣ ಕೊಟ್ಟು ವಿಸ್ತರಿತ ನವೀಕರಣ ಪಡೆಯಬಹುದು, ವಿಂಡೋಸ್ 11ಕ್ಕೆ ಹೋಗಬಹುದು, ಹಳೆಯ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಬಹುದು. 2017ರ ಮೇ ತಿಂಗಳಲ್ಲಿ ಜಗತ್ತನ್ನು ಕಾಡಿದ ವಾನಾಕ್ರೈ ದಾಳಿಗೆ ಮದ್ದು ಆ ಮಾರ್ಚ್‌ನಲ್ಲೇ ಬಿಡುಗಡೆಯಾಗಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಇನ್ನು ನಕಲಿ ವಿಂಡೋಸ್, "ಕ್ರ್ಯಾಕ್" ಮಾಡಿದ ತಂತ್ರಾಂಶ ಸಂಸ್ಥೆಯೊಳಗೆ ಬೇಡವೇ ಬೇಡ. ಬೀಗ ಮುರಿದುಕೊಟ್ಟ ಪ್ರೋಗ್ರಾಂ ಪಾಸ್‌ವರ್ಡ್ ಕದಿಯುವ ತಂತ್ರಾಂಶವನ್ನೂ ಜೊತೆಗೆ ತರಬಹುದು.

ಪತ್ರ ಬರೆಯಲು, ಪಟ್ಟಿ ಮಾಡಲು ಸಿಬ್ಬಂದಿ ಎಐ ಚಾಟ್ ಬಳಸುತ್ತಾರೆ. ತಡೆಯಬೇಕೇ?

ಸಂಪೂರ್ಣ ತಡೆದರೆ ಕದ್ದು ಬಳಸುತ್ತಾರೆ. ಸದಸ್ಯರ ಹೆಸರು, ಆಧಾರ್, ಸಾಲದ ವಿವರ, ರೋಗಿಯ ವರದಿ ಅದರಲ್ಲಿ ಹಾಕಬಾರದು ಎಂದು ಬರಹದಲ್ಲಿ ಹೇಳಿ. 2023ರಲ್ಲಿ ಸ್ಯಾಮ್‌ಸಂಗ್ ನೌಕರರು ಕಂಪನಿಯ ಗುಪ್ತ ಕೋಡ್ ಅನ್ನು ಚಾಟ್‌ಜಿಪಿಟಿಗೆ ಹಾಕಿದ ಮೇಲೆ ಆ ಕಂಪನಿ ಇಂಥ ಸಾಧನಗಳ ಮೇಲೆ ನಿರ್ಬಂಧ ಹೇರಬೇಕಾಯಿತು.

ದಾಳಿಯಾದರೆ ಕಾನೂನಿನ ಪ್ರಕಾರ ಯಾರಿಗೆ ತಿಳಿಸಬೇಕು?

2022ರ ಏಪ್ರಿಲ್ 28ರ ನಿರ್ದೇಶನದಂತೆ, ಕಂಪನಿಗಳೂ ಸರ್ಕಾರಿ ಸಂಸ್ಥೆಗಳೂ ಸೈಬರ್ ಘಟನೆಯನ್ನು ಗಮನಿಸಿದ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸರ್ಟ್-ಇನ್‌ಗೆ ವರದಿ ಮಾಡಬೇಕು. ಅದರ ಉಚಿತ ದೂರವಾಣಿ 1800-11-4949. ಕಂಪ್ಯೂಟರ್ ವ್ಯವಸ್ಥೆಯ ಲಾಗ್‌ಗಳನ್ನು, ಅಂದರೆ ಯಾವಾಗ ಏನು ನಡೆಯಿತೆಂಬ ದಾಖಲೆಗಳನ್ನು, 180 ದಿನ ಇಟ್ಟುಕೊಳ್ಳಬೇಕು. ಬ್ಯಾಂಕುಗಳಿಗೆ ಇದರ ಜೊತೆ ರಿಸರ್ವ್ ಬ್ಯಾಂಕಿನ ನಿಯಮಗಳೂ ಇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಹಂತ ಹಂತವಾಗಿ ಜಾರಿಗೆ ಬರುತ್ತಿವೆ. ಮಾಹಿತಿ ಸೋರಿದರೆ ದತ್ತಾಂಶ ಮಂಡಳಿಗೂ ಸಂಬಂಧಪಟ್ಟ ಪ್ರತಿ ವ್ಯಕ್ತಿಗೂ ತಿಳಿಸಬೇಕಾಗುತ್ತದೆ. ತಕ್ಕ ಭದ್ರತೆ ಇಡದಿದ್ದರೆ ದಂಡದ ಮಿತಿ 250 ಕೋಟಿ ರೂಪಾಯಿಯವರೆಗೆ ಇದೆ. ನಾನು ಇದನ್ನು ಹೆದರಿಸಲು ಹೇಳುತ್ತಿಲ್ಲ. ಸಾಲಕ್ಕೆ ಬಂದ ರೈತರ ಆಧಾರ್ ಪ್ರತಿ, ಪಹಣಿ, ಹೆಬ್ಬೆಟ್ಟಿನ ಗುರುತು ನಿಮ್ಮ ಕಪಾಟಿನಲ್ಲಿವೆ. ಅವರು ಓದಿ ಒಪ್ಪಿಗೆ ಕೊಟ್ಟವರಲ್ಲ, ನಿಮ್ಮನ್ನು ನಂಬಿ ಕೊಟ್ಟವರು. ಬೇಡದ ಹಳೆಯ ಪ್ರತಿಗಳನ್ನು ನಾಶಮಾಡಿ. ನಿಮ್ಮ ಬಳಿ ಇಲ್ಲದ ಕಾಗದ ಕಳುವಾಗುವುದಿಲ್ಲ.

ಹಣ ಹೋಗಿಬಿಟ್ಟಿದೆ. ಮರಳಿ ಬರುವ ಸಾಧ್ಯತೆ ಇದೆಯೇ?

ಕೂಡಲೇ ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ ಇದೆ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಸಾಗುತ್ತಿರುತ್ತದೆ. ಯಾರಾದರೂ ಎಟಿಎಂನಲ್ಲಿ ತೆಗೆಯುವ ಮುನ್ನ ತಡೆಹಿಡಿಯಬೇಕು. ವ್ಯವಹಾರದ ಸಂಖ್ಯೆ, ಸಮಯ, ಮೊತ್ತ ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ, ನಿಮ್ಮ ಬ್ಯಾಂಕಿಗೂ ಆಗಲೇ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಅಧ್ಯಕ್ಷರು ಊರಿನಿಂದ ಬರಲಿ, ಸಭೆ ಕರೆದು ತೀರ್ಮಾನಿಸೋಣ ಎಂದು ಕಾಯುವುದು ಬೇಡ.

ಕಾಲೇಜುಗಳಿಗೆ ಒಂದು ಮಾತು. ಹಣ ಹೀಗೆ ಸಾಗುವ ಖಾತೆಗಳಲ್ಲಿ ವಿದ್ಯಾರ್ಥಿಗಳು ಬಾಡಿಗೆಗೆ ಕೊಟ್ಟವೂ ಇರುತ್ತವೆ. ಕೆಲವು ಸಾವಿರ ರೂಪಾಯಿಗೆ ಪಾಸ್‌ಬುಕ್ಕು, ಸಿಮ್ ಕೊಟ್ಟ ಹುಡುಗ ಪ್ರಕರಣದಲ್ಲಿ ಆರೋಪಿಯಾಗುತ್ತಾನೆ. ಇದನ್ನು ಪ್ರತಿ ವರ್ಷ ಪ್ರವೇಶದ ಸಮಯದಲ್ಲೇ, ಪೋಷಕರ ಎದುರಿಗೆ ಹೇಳಿ.

ತಪ್ಪು ಕೊಂಡಿ ಒತ್ತಿದ ನೌಕರರನ್ನು ಶಿಕ್ಷಿಸಬೇಕೇ?

ದಯವಿಟ್ಟು ಬೇಡ. ಹತ್ತು ನಿಮಿಷದಲ್ಲಿ ಬಂದು "ಒತ್ತಿಬಿಟ್ಟೆ" ಎಂದು ಹೇಳುವ ಸಿಬ್ಬಂದಿ ನಿಮ್ಮ ದೊಡ್ಡ ಆಸ್ತಿ. ಸಂಬಳ ಕಡಿತದ ಭಯವಿದ್ದರೆ ಅವರು ಮುಚ್ಚಿಡುತ್ತಾರೆ, ವಿಷಯ ತಿಳಿಯುವಾಗ ವಾರ ಕಳೆದಿರುತ್ತದೆ.

ನಮ್ಮ ಬಳಿ ಬಜೆಟ್ ಇಲ್ಲ. ಎಲ್ಲಿಂದ ಶುರು ಮಾಡಲಿ?

ಖರ್ಚಿಲ್ಲದ್ದರಿಂದ. ಇಮೇಲ್‌ಗೆ ಎರಡು ಹಂತದ ದೃಢೀಕರಣ ಹಾಕಿ, ಅದೂ ಎಸ್‌ಎಂಎಸ್ ಬದಲು ದೃಢೀಕರಣ ಆ್ಯಪ್ ಅಥವಾ ಪಾಸ್‌ಕೀಯಿಂದ (ಪಾಸ್‌ವರ್ಡ್ ಬದಲು ಮೊಬೈಲಿನ ಬೆರಳಚ್ಚು ಅಥವಾ ಪಿನ್‌ನಿಂದ ತೆರೆಯುವ ಕೀಲಿ). ಕೆಲಸ ಬಿಟ್ಟವರ ಖಾತೆಗಳನ್ನು ಮುಚ್ಚಿ. ಮರುಕರೆಯ ನಿಯಮವನ್ನು ಆಡಳಿತ ಮಂಡಳಿಯ ನಡಾವಳಿಯಲ್ಲಿ ಬರೆಯಿಸಿ. ಮೊದಲ ಖರ್ಚು ಎರಡು ಹಾರ್ಡ್ ಡಿಸ್ಕ್‌ಗಳಿಗಿರಲಿ; ಫೈರ್‌ವಾಲ್ ಎಂಬ ಜಾಲದ ಕಾವಲು ಸಾಧನ ಮಾರಲು ಬಂದವರಿಗೆ ಅದರ ನಂತರ ಉತ್ತರ ಕೊಡಿ. ಕಲಬುರಗಿ, ಬೀದರ್‌ನ ಎಂಜಿನಿಯರಿಂಗ್ ಕಾಲೇಜುಗಳ ಕಂಪ್ಯೂಟರ್ ವಿಭಾಗಗಳ ನೆರವು ಕೇಳಬಹುದು. ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಲಿಖಿತ ಅನುಮತಿಯೊಂದಿಗೆ ಬರಲಿ, ನಿಜವಾದ ಪಾಸ್‌ವರ್ಡ್ ಮತ್ತು ಸದಸ್ಯರ ದತ್ತಾಂಶ ಅವರ ಕೈಗೆ ಹೋಗದಿರಲಿ.

ಕ್ವಾಂಟಂ ಕಂಪ್ಯೂಟರ್ ಬಂದರೆ ಎಲ್ಲ ಗೂಢಲಿಪಿಯೂ ಒಡೆಯುತ್ತದೆಯಂತೆ. ಈಗಲೇ ಏನಾದರೂ ಮಾಡಬೇಕೇ?

ಕ್ವಾಂಟಂ ಕಂಪ್ಯೂಟರಿನ ದಾಳಿಯನ್ನು ತಾಳಿಕೊಳ್ಳುವ ಗೂಢಲಿಪಿಯ ಮೊದಲ ಮಾನದಂಡಗಳನ್ನು ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2024ರ ಆಗಸ್ಟ್‌ನಲ್ಲಿ ಪ್ರಕಟಿಸಿದೆ. ಅವುಗಳನ್ನು ಅಳವಡಿಸುವುದು ತಂತ್ರಾಂಶ ಕಂಪನಿಗಳ ಕೆಲಸ. ಇಂದು ಕದ್ದ ದತ್ತಾಂಶವನ್ನು ಇಟ್ಟುಕೊಂಡು ಮುಂದೆ ಒಡೆಯುವ ಅಪಾಯವಿರುವುದರಿಂದ, ದಶಕಗಳ ಕಾಲ ಗುಟ್ಟಾಗಿರಬೇಕಾದ ವೈದ್ಯಕೀಯ ದಾಖಲೆ ಇಟ್ಟಿರುವವರು ಮಾತ್ರ ಮುಂದಿನ ಒಪ್ಪಂದದ ವೇಳೆ ತಮ್ಮ ಕಂಪನಿಯನ್ನು ಈ ಬಗ್ಗೆ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಲಿ.